ಏಳರಿಂದ ಎಂಟಕ್ಕೆ

ಜೂನ್ ಒಂದಕ್ಕೆ ಮಲ್ಪೆ ದಕ್ಕೆಯಲ್ಲಿ ದೋಣಿಗಳು ಬಂದು ನಿಂತವು.
ಅರುವತ್ತೊಂದು ದಿನ ಕಡಲಿಗೆ ರಜೆ.
ಬುಡ ಮೇಲೆತ್ತಿ ಚಿಪ್ಪು ಕೆರೆಯುವವರು,
ಬಲೆಯಲ್ಲಿ ತೂತು ಹುಡುಕುವವರು,
ಎಂಜಿನ್ನಿನ ಹೊಟ್ಟೆಗೆ ಕೈ ಹಾಕಿ ಬೈಯುವವರು.
ನಾನೂ ಇದೇ ಹೊತ್ತಿಗೆ ಕಾದಿದ್ದೆ.
ಸಂಘದ ಜಾಲತಾಣವನ್ನೂ ದಡಕ್ಕೆ ಎಳೆಯಬೇಕಿತ್ತು.

ಏಳನೆಯ ಆವೃತ್ತಿಗೆ ಇನ್ನು ತೇಪೆ ಹಾಕುವುದಿಲ್ಲವೆಂದು
ಮಾಡಿದವರೇ ಕೈ ತೊಳೆದುಕೊಂಡಿದ್ದಾರೆ.
ಅಧ್ಯಕ್ಷರು ಹಿರಿಯಣ್ಣ ತಿಂಗಳಾಯರು ಕೇಳಿದರು:
"ಓಡ್ತಾ ಉಂಟಲ್ಲ ಮಾರಾಯ್ತಿ, ಎಂತಕ್ಕೆ ಬಿಚ್ಚುವುದು?"
ನಿಮ್ಮ ದೋಣಿಯೂ ಓಡ್ತಾ ಇತ್ತು, ಅಂದೆ,
ಹಲಗೆ ಕುಂಬಾಗಿದೆಯೆಂದು ನೀರಿಗೆ ಗೊತ್ತಾಗುವವರೆಗೆ.
ನಕ್ಕರು. ಸಹಿ ಹಾಕಿದರು.
ಮೊತ್ತದ ಕೊನೆಯ ಸೊನ್ನೆಯನ್ನು ಎರಡು ಸಲ ನೋಡಿದರು.

ಮೊದಲು ನಕಲು. ನಕಲಿಗೊಂದು ನಕಲು.
ಒಂದು ಕಚೇರಿಯ ಕಪಾಟಿನಲ್ಲಿ, ಐಸ್ ಕೂಪನ್ನುಗಳ ಹಿಂದೆ;
ಒಂದು ನಮ್ಮ ಮನೆಯ ಅಕ್ಕಿ ಡಬ್ಬಿಯ ಮೇಲೆ,
ಅಮ್ಮ ಅದಕ್ಕೊಂದು ಕರವಸ್ತ್ರ ಹೊದಿಸಿದ್ದಾಳೆ.

ಆಮೇಲೆ ಒಂದೊಂದೇ ಕಳಚಿ ನೋಡಿದೆ.
ಭರತ ಇಳಿತ ತೋರಿಸುತ್ತಿದ್ದ ತುಣುಕನ್ನು ಬರೆದವನು
ನಾಲ್ಕು ವರ್ಷದಿಂದ ಉತ್ತರಿಸುವುದಿಲ್ಲ. ಎಂಟರಲ್ಲಿ ಅದು ಏಳುವುದಿಲ್ಲ.
ಹಳೆಯ ಅಕ್ಷರಶೈಲಿಯಲ್ಲಿ ಯಾರೋ ಹೊಡೆದಿಟ್ಟ ಹೆಸರುಗಳು
ಈಚೆ ದಾಟುವಾಗ ಅರ್ಕಾವತ್ತು ಕಳಚಿ ಬಿತ್ತು.
ಕರ್ಕೇರರು ನೂರಾ ಹನ್ನೆರಡು ಮಂದಿ,
ಒಬ್ಬರೂ ಕರ್ಕೇರರಾಗಿ ಉಳಿಯಲಿಲ್ಲ.
ತಲೆಗೆ ಗೀಟು ಬಿದ್ದ ಯಾವುದೋ ಪರದೇಶಿ ಅಕ್ಷರ
ಹೆಸರಿನ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿತ್ತು.
ಮೂರು ರಾತ್ರಿ ಮುಳ್ಳು ತೆಗೆದೆ.

ಹೊಸ ಪುಟವನ್ನು ಅಪ್ಪಿಯಕ್ಕನ ಮೊಬೈಲಿನಲ್ಲಿ ತೆರೆದುಕೊಟ್ಟೆ.
ನೋಡಿದಳು. ದೂರ ಹಿಡಿದು ನೋಡಿದಳು.
"ನನ್ನ ಬಂಗುಡೆ ಎಲ್ಲಿ?"
ಅಲ್ಲೇ ಉಂಟಲ್ಲ, ಹೆಸರು ಬರೆದಿದೆ.
"ಹೆಸರು ಯಾರಿಗೆ? ಮೂರನೇ ಸಾಲು ಬಂಗುಡೆ. ಹಸಿರು ಗುಂಡಿ ಐಸು."
ಎಂಟು ವರ್ಷ ಅವಳು ಓದಿದ್ದು ಅಕ್ಷರವಲ್ಲ, ಜಾಗ.
ಹೊಸ ಆವೃತ್ತಿಯೋ ಮೀನುಗಳನ್ನು ಅಕಾರಾದಿಯಲ್ಲಿ ನಿಲ್ಲಿಸಿ
ಶಾಲೆಯ ಮೇಷ್ಟರ ಹಾಗೆ ಎದೆಯುಬ್ಬಿಸಿತ್ತು:
ಅಂಜಲ್, ಕಾಣೆ, ನಂಗು, ಬಂಗುಡೆ, ಬೂತಾಯಿ, ಮಾಂಜಿ.
ಸಾಲು ಮುರಿದೆ. ಮೂರನೇದು ಬಂಗುಡೆ.

ಜುಲೈ ಇಪ್ಪತ್ತೆಂಟು, ರಾತ್ರಿ ಒಂದೂವರೆ.
ಹೋದ ಬಂದ ದೋಣಿಗಳ ದಾಖಲೆ ದಾಟುತ್ತಿತ್ತು,
ನಲವತ್ತೊಂದು ಸಾವಿರ ಸಾಲು.
ಹದಿನೇಳು ಮಾತ್ರ ಹೊಸ್ತಿಲಲ್ಲಿ ನಿಂತವು:
ಹಿಂದಿರುಗಿದ ದಿನಾಂಕ ಕಡ್ಡಾಯ. ಖಾಲಿ ಬಿಡುವಂತಿಲ್ಲ.
ಏಳನೆಯದು ಇದನ್ನೆಲ್ಲ ಕೇಳುತ್ತಿರಲಿಲ್ಲ, ಪಾಪ.

ಹದಿನಾರು, ಗುಮಾಸ್ತರ ಮರೆವು.
ಒಬ್ಬ ಊಟಕ್ಕೆ ಹೋಗಿದ್ದ; ಒಂದು ದೋಣಿ
ಗಾಳಿಗೆ ಹೆದರಿ ಗಂಗೊಳ್ಳಿಯಲ್ಲಿ ಉಳಿದು, ಯಾವಾಗ ಬಂತೋ.
ಕಡತ ತಿರುವಿ, ಫೋನು ಮಾಡಿ ತುಂಬಿಸಬಹುದು.
ಹದಿನೇಳನೆಯದು ನನಗೆ ಗೊತ್ತು. ದಕ್ಕೆಯಲ್ಲಿ ಯಾರಿಗೆ ಗೊತ್ತಿಲ್ಲ.
ಐದು ಹೆಸರು. ಹೊರಟ ಹೊತ್ತು. ಡೀಸೆಲ್ ಎಷ್ಟು ಲೀಟರು,
ಐಸು ಎಷ್ಟು ಪೆಟ್ಟಿಗೆ.
ಆಮೇಲೆ ಬಿಳಿ.

ಯಂತ್ರ ತಾನಾಗಿ ಒಂದು ದಿನ ಸೂಚಿಸಿತು:
ಜನವರಿ ಒಂದು, ಸಾವಿರದ ಒಂಬೈನೂರ ಎಪ್ಪತ್ತು.
ಅದರ ಲೆಕ್ಕದಲ್ಲಿ ಕಾಲ ಹುಟ್ಟಿದ ದಿನ.
ಸರಿ ಎಂದು ಒತ್ತಿದರೆ ಸಾಲು ದಾಟುತ್ತದೆ;
ಐವರೂ ತಾವು ಹುಟ್ಟುವ ಮೊದಲೇ
ದಡ ಸೇರಿದವರಾಗುತ್ತಾರೆ.
ಬೆರಳು ಗುಂಡಿಯ ಮೇಲಿತ್ತು.
ಸುಳ್ಳು ಹೇಳುವುದಿಲ್ಲ, ನಿದ್ದೆ ಬರುತ್ತಿತ್ತು.

ಎದ್ದು ಚಾ ಮಾಡಿದೆ. ನಿಯಮಗಳ ಕಡತ ಬಿಚ್ಚಿ
ಎಂಟನೆಯದಕ್ಕೆ ಒಂದು ಸಾಲು ಕಲಿಸಿದೆ:
ಈ ಮನೆ ಖಾಲಿ ಇರಬಹುದು.

ಆಗಸ್ಟ್ ಒಂದಕ್ಕೆ ದೋಣಿಗಳು ಹೊರಟವು.
ತಾಣ ಮೂರು ಗಂಟೆ ನಿಂತಿತು,
ನಾಲ್ಕನೆಯದಕ್ಕೆ ಮಗುಚಿತು, ಎಬ್ಬಿಸಿದೆ.
ಸಂಜೆ ಅಪ್ಪಿಯಕ್ಕನ ಫೋನು:
"ಹಸಿರು ಸ್ವಲ್ಪ ತೆಳು ಆಯ್ತಲ್ಲ. ಹಳೇ ಹಸಿರು ಇಲ್ವಾ?"
ಅಕ್ಕಿ ಡಬ್ಬಿಯ ಮೇಲಿದೆ, ಅನ್ನಲಿಲ್ಲ.
ನೋಡ್ತೇನೆ, ಅಂದೆ.