ನಾಲ್ಕನೆಯವಳು

ಒಂದು ನಿಮಿಷ ಓಡು, ಎರಡು ನಿಮಿಷ ನಡೆ,
ಹೀಗೆ ಎಂಟು ಸಲ. ಅಷ್ಟೇ. ಆಮೇಲೆ ಮನೆಗೆ ಹೋಗು.
ಫಿಸಿಯೋ ಬ್ರೋನಾ ಚೀಟಿಯಲ್ಲಿ ಬರೆದುಕೊಟ್ಟಳು
ಊಟದ ನಂತರ ಎರಡು ಮಾತ್ರೆ ಎಂಬಂತೆ.
ಮೂರು ಮ್ಯಾರಥಾನ್ ಓಡಿದವಳು ನಾನು.
ನಲವತ್ತಾರಕ್ಕೆ ಮತ್ತೆ
ಮರಳಿನಲ್ಲಿ ಅ ಆ ತಿದ್ದುವ ಕೆಲಸ.

ನವೆಂಬರ್. ಹಡರ್ಸ್‌ಫೀಲ್ಡಿನಲ್ಲಿ ನಾಲ್ಕಕ್ಕೇ ಕತ್ತಲು.
ಕಾಲುವೆಯ ದಂಡೆಯಲ್ಲಿ ನನ್ನ ಹಣೆದೀಪ
ಒಂದೊಂದೇ ಮಾರು ದಾರಿ ಬಿಚ್ಚುತ್ತದೆ,
ಬೆನ್ನ ಹಿಂದೆ ಕತ್ತಲು ಅದನ್ನು ಸುತ್ತಿಡುತ್ತದೆ.
ಮುಚ್ಚಿದ ಗಿರಣಿಯ ಗೋಡೆ,
ರೆಕ್ಕೆಯೊಳಗೆ ತಲೆಯಿಟ್ಟ ಬಾತು.
ನಾನು ಹಾದರೆ ಒಂದು ಕಣ್ಣು ತೆರೆದು
ಓಹ್, ನೀನಾ, ಎಂದು ಮುಚ್ಚಿಕೊಳ್ಳುತ್ತದೆ.

ಹಿಮ್ಮಡಿಯ ಮೇಲಿನ ಆ ನರ
ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮಾತ್ರ ಮಾತಾಡುತ್ತದೆ
ಬಾಡಿಗೆ ಕೇಳಲು ಬಂದವರ ದನಿಯಲ್ಲಿ.
ಕೊಡುತ್ತೇನೆ ಮಾರಾಯ, ಕಂತಿನಲ್ಲಿ:
ಮೆಟ್ಟಿಲ ಅಂಚಿಗೆ ನಿಂತು ಹಿಮ್ಮಡಿ ಇಳಿಸಿ, ಏರಿಸಿ,
ದಿನಕ್ಕೆ ನೂರೆಂಬತ್ತು.
ಚಹಾ ಕುದಿಯುವಷ್ಟರಲ್ಲಿ ಅರ್ಧ ಸಾಲ ತೀರಿರುತ್ತದೆ.

ಡಿಸೆಂಬರಿನಲ್ಲಿ ಇಪ್ಪತ್ತು ನಿಮಿಷ, ನಿಲ್ಲದೆ.
ಆಸ್ಪತ್ರೆಯ ಲ್ಯಾಬಿನಲ್ಲಿ ಯಾರಿಗೂ ಹೇಳಲಿಲ್ಲ.
ರಾತ್ರಿ ಪಾಳಿಯಲ್ಲಿ ಯಾರದೋ ಹಿಮೋಗ್ಲೋಬಿನ್ ನೋಡುತ್ತ
ನನ್ನಷ್ಟಕ್ಕೆ ನಕ್ಕೆ.
ಆಮೇಲೆ ಹಿಮ ಬಿತ್ತು, ಕರಗಿತು, ಮತ್ತೆ ಗಟ್ಟಿಯಾಯಿತು,
ದಾರಿಯೆಲ್ಲ ಗಾಜು.
ಒಂಬತ್ತು ದಿನ ಬಾಗಿಲ ಬಳಿಯ ಬೂಟುಗಳನ್ನು ನೋಡಿದೆ.
ಅವೂ ನನ್ನನ್ನು ನೋಡಿದವು.

ಜನವರಿಯಲ್ಲಿ ಗ್ಲೆನಿಸ್ ಫೋನು:
"ಶನಿವಾರ ಬರ್ತೀಯಾ? ಕೆಸರಿದೆ. ಬರೀ ಆರು ಕಿಲೋಮೀಟರು.
ಗೆಲ್ಲಬೇಕಿಲ್ಲ, ಬಂದರೆ ಸಾಕು."

ಬಂದೆ. ಗುಡ್ಡದ ಬದಿಯ ಹುಲ್ಲುಗಾವಲು.
ಕುರಿಗಳನ್ನು ಆ ದಿನಕ್ಕೆ ಆಚೆ ಅಟ್ಟಿದ್ದರು,
ಹಿಕ್ಕೆಯನ್ನು ಬಿಟ್ಟಿದ್ದರು.
ಎದೆಗೆ ನಾಲ್ಕು ಪಿನ್ನಿನಲ್ಲಿ ನಂಬರು;
ಬೆರಳು ಮರಗಟ್ಟಿ, ಚುಚ್ಚಿದ್ದೂ ತಿಳಿಯಲಿಲ್ಲ.
ಮುದುಕನೊಬ್ಬ ಸೀಟಿ ಊದಿದ,
ನೂರೈವತ್ತು ಹೆಂಗಸರು ಎಮ್ಮೆ ಹಿಂಡಿನ ಹಾಗೆ ನುಗ್ಗಿದೆವು
ಮೂರಡಿ ಅಗಲದ ಗೇಟಿಗೆ.

ಮೊದಲ ಸುತ್ತು ಮುಗಿಯುವಷ್ಟರಲ್ಲಿ ಹಿಂಡು ಹೋಗಿಯಾಗಿತ್ತು.
ಎರಡನೆಯದರಲ್ಲಿ ಕೆಸರು ನನ್ನ ಎಡ ಬೂಟನ್ನು
ತನ್ನದೇ ಎಂಬಂತೆ ಇಟ್ಟುಕೊಂಡಿತು.
ಮೊಣಕೈವರೆಗೆ ಕೈಹಾಕಿ ಎಳೆದೆ,
ಪಚಕ್ ಎಂದು ಬಂತು, ಒಳಗೆಲ್ಲ ತಣ್ಣನೆಯ ಯಾರ್ಕ್‌ಶೈರ್.
ಅಷ್ಟರಲ್ಲಿ ಎಪ್ಪತ್ತರ ಅಜ್ಜಿಯೊಬ್ಬಳು ಹಾದುಹೋದಳು,
"ಸಾರಿ, ಚಿನ್ನ" ಎನ್ನುತ್ತ,
ನಿಜಕ್ಕೂ ಬೇಜಾರಾದ ಮುಖದಲ್ಲಿ.

ಹಗ್ಗದ ಆಚೆ ಕಾರುಗಳು, ಫ್ಲಾಸ್ಕಿನಲ್ಲಿ ಚಹಾ.
ದಾವಣಗೆರೆಯ ಬೀದಿಯಲ್ಲಿ ಅಕ್ಕಂದಿರ ಕುಂಟೆಬಿಲ್ಲೆಗೆ
ನನ್ನನ್ನು ಸೇರಿಸಿಕೊಳ್ಳುತ್ತಿದ್ದ ಷರತ್ತು ನೆನಪಾಯಿತು:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಹಾಗಿದ್ದ ಮೇಲೆ ದಾಟಿದರೆ ಯಾರಿಗೇನು?

ಹಗ್ಗ ಎತ್ತಿದ್ದೆ. ಗ್ಲೆನಿಸ್ ಕೊಡೆ ಬೀಸುತ್ತ ಬೊಬ್ಬೆ ಹಾಕಿದಳು:
"ಏಯ್! ನಾವು ಬಂದಿರೋದು ನಾಲ್ಕೇ ಜನ!
ನಾಲ್ವರೂ ಮುಗಿಸಿದರೇ ತಂಡ!"
ಮುಂದೆಲ್ಲೋ ಮೂವರು ಉಸಿರು ಕಟ್ಟಿ ಓಡುತ್ತಿದ್ದರು,
ಅವರ ಅಷ್ಟೂ ಓಟ
ನನ್ನ ಒಂದು ಒದ್ದೆ ಬೂಟಿನಲ್ಲಿ.
ಅಯ್ಯೋ ಗ್ಲೆನಿಸ್, ಇದನ್ನು ಫೋನಿನಲ್ಲಿ ಹೇಳಿದ್ದರೆ
ನಾನು ಬರುತ್ತಲೇ ಇರಲಿಲ್ಲ.

ಮೂರನೇ ಸುತ್ತಿನ ಬಗ್ಗೆ ಹೇಳುವುದು ಕಡಿಮೆ.
ಏರಿತ್ತು. ನಡೆದೆ.
ಇಳಿಜಾರಿತ್ತು. ಓಡಿದೆ ಎಂದು ಬರೆಯಬಹುದು.
ನರ ಚಕಾರ ಎತ್ತಲಿಲ್ಲ.

ಕೊನೆಗೆ ಹಗ್ಗದ ಇಕ್ಕಟ್ಟು ಓಣಿ, ಬಂದ ಕ್ರಮದಲ್ಲೇ ಸಾಲು.
ಹುಡುಗನೊಬ್ಬ ಅಂಗೈಗೆ ತಗಡಿನ ಬಿಲ್ಲೆ ಇಟ್ಟ:
ನೂರಮೂವತ್ತೇಳು.
ಸ್ವಲ್ಪ ಮುಂದೆ ಅಜ್ಜಿ ಆಗಲೇ ಬಾಳೆಹಣ್ಣು ಸುಲಿಯುತ್ತಿದ್ದಳು.
ಗ್ಲೆನಿಸ್ ಒದ್ದೆ ಕಾಗದದಲ್ಲಿ
ಇಪ್ಪತ್ತೊಂದು, ನಲವತ್ತು, ಎಂಬತ್ತೆಂಟು, ಆಮೇಲೆ ನಾನು;
ಕೆಳಗೆ ಗೆರೆ ಎಳೆದು ಕೂಡಿಸಿದಳು.
ಹನ್ನೊಂದು ತಂಡಗಳಲ್ಲಿ ಹತ್ತನೆಯವರು.

ಬಿಲ್ಲೆ ವಾಪಸು ಕೊಡಬೇಕಂತೆ,
ಮುಂದಿನ ಪಂದ್ಯಕ್ಕೂ ಅದೇ ಬಿಲ್ಲೆಗಳಂತೆ.
ಕೊಟ್ಟೆ. ಅಂಗೈಯಲ್ಲಿ ಸ್ವಲ್ಪ ಹೊತ್ತು
ಅದರ ದುಂಡು ಗುರುತು ಇತ್ತು.

ಭಾನುವಾರ ಬೆಳಿಗ್ಗೆ ಮೆಟ್ಟಿಲಿಳಿಯುವಾಗ
ನರ ಬಾಗಿಲು ತಟ್ಟಿತು.
ನೂರೆಂಬತ್ತು ತಾನೇ, ಎಂದೆ,
ಚಹಾಕ್ಕಿಟ್ಟು ಬಂದು ಅಂಚಿಗೆ ನಿಂತೆ.