ಕೋತವಾಲ ಬುಕ್ಕು

ಅಕ್ಕಲಕೋಟದ ತಹಸೀಲ ಕಚೇರಿ, ಹಿಂದಿನ ಖೋಲಿ.
ಕೆಂಪು ಬಟ್ಟೆಯ ಗಂಟಿನಲ್ಲಿ ನಮ್ಮೂರ ಸಾವು.
ಗಂಟು ಬಿಚ್ಚಲು ಅರ್ಜಿ, ಅರ್ಜಿಗೆ ತಿಕೀಟು,
ತಿಕೀಟು ತರಲು ಕಾರಕೂನ ನನ್ನನ್ನೇ ಓಡಿಸಿದ.
ಆಯಿ ಬಾಗಿಲ ಹೊರಗೆ ಕೂತು
ಶೇಂಗಾ ಹಿಂಡಿಯ ಡಬ್ಬಿ ತೆಗೆದಳು, ಮುಚ್ಚಿದಳು.

ಕೇಸು ಇಷ್ಟೇ.
ಆಯಿಯ ಅಪ್ಪ ಪೀರಪ್ಪ ಐವತ್ತಾರರಲ್ಲಿ ಸತ್ತ,
ಅದಕ್ಕೆ ಯಾರದೂ ತಕರಾರಿಲ್ಲ.
ಅಣ್ಣನ ಮಕ್ಕಳ ಮಾತು: ಜೋಳದ ಸುಗ್ಗಿ, ಕುಡಗೋಲಿನ ಹೊತ್ತು.
ಆಯಿಯ ಮಾತು: "ತೊಗರಿ ಎರಡೆಲಿ ಆಗಿತ್ತು."
ಇವೆರಡರ ನಡುವೆ ಬರುತ್ತದೆ ಜೂನ್ ಹದಿನೇಳು.
ಆ ದಿನದಿಂದ ಹೆಣ್ಣಿಗೂ ಅಪ್ಪನ ಹೊಲದಲ್ಲಿ ಪಾಲು
ಎಂದು ದಿಲ್ಲಿಯವರು ಬರೆದರಂತೆ.
ಕರಜಗಿಗೆ ಆ ಸುದ್ದಿ ಮುಟ್ಟಲು ಅರವತ್ತು ವರ್ಷ ಹಿಡಿಯಿತು.

"ಎರಡೆಲಿ ಅಂತ ಹೆಂಗ ಗೊತ್ತು?" ವಕೀಲರು ಕೇಳಿದ್ದರು.
"ತುಳಕೋತ ಓಡೀನಿ. ಅಂಗಾಲಿಗಿ ನೆನಪದ."
"ಎಲ್ಲಿಗೆ ಓಡಿದಿ?"
ಅದು ಗೊತ್ತಿಲ್ಲ.
ವಕೀಲರು ಬರೆದುಕೊಳ್ಳಲಿಲ್ಲ. ಅಂಗಾಲು ಸಾಕ್ಷಿಯಲ್ಲ.

ಬುಕ್ಕು ಮೋಡಿಯಲ್ಲಿತ್ತು.
ಮೊದಲು ಗೆರೆ ಎಳೆದು, ಆಮೇಲೆ ಅದರ ಮೇಲೆ
ಸತ್ತವರನ್ನು ಒಣಹಾಕಿದ ಹಾಗೆ.
ಓದಬಲ್ಲವರು ಗಜಾನನ ಪುರಾಣಿಕರೊಬ್ಬರೇ:
ಪುಟಕ್ಕೆ ಎಪ್ಪತ್ತು ರೂಪಾಯಿ, ಒಂದು ಕಣ್ಣಿಗೆ ಮೋತಿಬಿಂದು.
ಅವರು ಮರಾಠಿಯಲ್ಲಿ ಓದಿದರು,
ನಾನು ಕನ್ನಡಕ್ಕೆ ದಾಟಿಸಿದೆ, ಆಯಿ ತಲೆಯಾಡಿಸಿದಳು.
ದೇವಿ. ಪಟಕಿ. ತಾಪ. ತಾಪ. ಬಾವಿ.
ಹುಡುಗಿ, ಎಂಟು ದಿನ, ಹೆಸರಿಲ್ಲ.
ಹುಡುಗಿ, ಮೂರು ದಿನ, ಹೆಸರಿಲ್ಲ.
"ಬಾವಿ ಅಂದ್ರ ನಮ್ಮ ಕಾಶಕ್ಕ," ಎಂದಳು ಆಯಿ,
"ಆಕಿ ತಾನಾಗಿ ಬಿದ್ದಿದ್ದಲ್ಲ."
ಪುರಾಣಿಕರು ಬೆರಳು ನಿಲ್ಲಿಸಿ ಕಾದರು.
ಅದಕ್ಕೆ ಬುಕ್ಕಿನಲ್ಲಿ ಕಾಲಮ್ಮಿರಲಿಲ್ಲ.

ಸುಗ್ಗಿ ಮುಗಿಯಿತು, ಪೀರಪ್ಪ ಸಾಯಲಿಲ್ಲ.
ಮೇ ತಿಂಗಳ ಬಿಸಿಲಿಗೆ ನಾಲ್ಕು ಮುದುಕರು ಹೋದರು,
ಪೀರಪ್ಪ ಸಾಯಲಿಲ್ಲ.
ಸತ್ತು ಎಪ್ಪತ್ತು ವರ್ಷವಾಗುತ್ತ ಬಂದವನು
ಇನ್ನೊಂದು ಪುಟ ಬದುಕಿರಲಿ ಎಂದು
ನಾನು ಬೆರಳು ಮಡಚಿ ಕೂತೆ.
ಜೂನ್ ಹದಿನೇಳರಂದು ಊರಲ್ಲಿ ಯಾರೂ ಸತ್ತಿಲ್ಲ.

ಜುಲೈ ಒಂಬತ್ತು.
ಪೀರಪ್ಪಾ ವಲದ ಧೂಳಪ್ಪಾ, ವಯ ನಲವತ್ತು, ತಾಪ.
"ಇಪ್ಪತ್ತೆರಡು ದಿನ ತಡದಾನ ನೋಡು," ಎಂದಳು ಆಯಿ,
ಸಂತೆಗೆ ಹೋದವನು ಬಸ್ಸು ತಪ್ಪಿಸಿಕೊಳ್ಳದೆ
ಮನೆ ಸೇರಿದ ಸುದ್ದಿ ಹೇಳಿದಂತೆ.

ಪುರಾಣಿಕರ ಬೆರಳು ಕೊನೆಯ ಕಾಲಮ್ಮಿಗೆ ಸರಿಯಿತು.
ವರ್ದಿ ಕೊಟ್ಟವರು: ಮಗಳು ಮಾಣಕಿ, ವಯ ಒಂಬತ್ತು.
ಕೆಳಗೆ ಮಸಿಯ ಹೆಬ್ಬಟ್ಟು, ಹುಣಸೆ ಬೀಜದಷ್ಟು.
ಗೆರೆ ಗೆರೆ ಎಣಿಸಬಹುದಿತ್ತು.

ಆಯಿ ಬಾಗಿ ನೋಡಿದಳು. ಮುಟ್ಟಲಿಲ್ಲ,
ಮುಟ್ಟಬಾರದೆಂದು ಮೊದಲೇ ಹೇಳಿದ್ದರು.
ಬಹಳ ಹೊತ್ತಾದ ಮೇಲೆ,
"ಕೋತವಾಲನ ಮನಿ ಹಳ್ಳದ ಆಚಿ ಇತ್ತು," ಎಂದಳು.
"ನಡುಕ ನಮ್ಮದೇ ಹೊಲ."

ನಕಲು ಬೇಕಾದರೆ ಈಗಲೂ ಹೆಬ್ಬೆರಳು ಬೇಕು,
ಮಸಿಯಲ್ಲ, ಗಾಜಿನ ಮೇಲೆ.
ಇಟ್ಟಳು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು ದೀಪ.
"ಗೆರೆ ಸವೆದಾವ ಅಜ್ಜಿ," ಎಂದ ಯಂತ್ರದ ಹುಡುಗ,
"ಬ್ಯಾರೆ ಬೆರಳು ಇಡ್ರಿ."
"ಅದರಾಗ ಅವ ನೋಡು," ಎಂದು ಆಯಿ
ಬುಕ್ಕಿನ ಕಡೆ ಕೈ ಮಾಡಿದಳು.
ಕಾರಕೂನ ಆಗಲೇ ಗಂಟು ಕಟ್ಟುತ್ತಿದ್ದ.