ಕೂತವರೆಷ್ಟು, ನಿಂತವರೆಷ್ಟು

ದಿದುಬೆ ನಿಲ್ದಾಣದ ಮಗ್ಗುಲಲ್ಲಿ ನನ್ನ ಅಂಗಡಿ.
ಎರಡು ಮೇಜು, ಒಂದು ಹೀಟರು,
ಗಾಜಿನ ಪೆಟ್ಟಿಗೆಯಲ್ಲಿ ಬಿಸ್ಕತ್ತಿನಗಲದ ಪ್ರೊಸೆಸರುಗಳು,
ಹೊಸವು ಮೇಲೆ, ಯಾರದೋ ಕೈ ದಾಟಿ ಬಂದವು ಕೆಳಗೆ.
ಜನವರಿಯ ಒಂದು ಮಧ್ಯಾಹ್ನ ಗುಲ್ನಾಜಿ ಬಂದಳು
ಉಣ್ಣೆಯ ಶಾಲಿನಲ್ಲಿ ಕಂಪ್ಯೂಟರ್ ಸುತ್ತಿಕೊಂಡು.
ಹಸುಗೂಸನ್ನು ತಂದ ಹಾಗೆ ಎನ್ನಲಾರೆ,
ಜ್ವರ ಬಂದ ಕುರಿಯನ್ನು ತಂದ ಹಾಗೆ.
"ಬಿಚೋ" ಎಂದಳು. ಹುಡುಗಾ, ಅಂತ.
ನನಗೆ ನಲವತ್ತೇಳು.

"ಇದು ಜನರನ್ನು ಹೊರುತ್ತಿಲ್ಲ."

ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು.
ಹಳಿ ಕಿತ್ತು ಡಾಂಬರು ಬಳಿದ ಮೇಲೆ,
ಮೊಮ್ಮಗ ಕಲಿಸಿಕೊಟ್ಟ ಒಂದು ಆಟದೊಳಗೆ
ಇಡೀ ಊರಿಗೆ ಮತ್ತೆ ಹಳಿ ಹಾಸಿದ್ದಾಳೆ,
ತಿರುವು ತಿರುವೂ ನೆನಪಿನಿಂದ.
ಜನ ಐವತ್ತು ಸಾವಿರ ದಾಟಿದ್ದೇ ತಡ,
ಟ್ರಾಮು ಬೆಲ್ಲದ ಪಾಕದಲ್ಲಿ ಬಿದ್ದ ಇರುವೆ.
ಸೇತುವೆಯ ಮೇಲೆ ಒಂದು ಹೆಜ್ಜೆ. ಕಾಯುವುದು. ಇನ್ನೊಂದು ಹೆಜ್ಜೆ.

ಮೊಮ್ಮಗ ಗ್ರಾಫಿಕ್ಸ್ ಕಾರ್ಡ್ ಬದಲಿಸು ಅಂದನಂತೆ.
ಬಣ್ಣ ಬಳಿಯುವವನ ತಪ್ಪಲ್ಲ ಇದು, ಅಂದೆ.
ಲೆಕ್ಕ ಬರೆಯುವವನಿಗೆ ಉಸಿರು ಸಾಲುತ್ತಿಲ್ಲ:
ಒಬ್ಬೊಬ್ಬನ ಮನೆ, ಕೆಲಸ, ಹಸಿವು, ಅವಸರ
ಗಳಿಗೆ ಗಳಿಗೆಗೂ ಅವನೇ ಕೂಡಿ ಕಳೆಯಬೇಕು.

ಮೇಲಿನ ಸಾಲಿನ ಹದಿನಾರು ಕೋರಿನದಕ್ಕೆ ಬೆರಳಿಟ್ಟಳು.
"ಇದರಲ್ಲಿ ಕೂತವರೆಷ್ಟು, ನಿಂತವರೆಷ್ಟು?"

ಮಾರಬಹುದಿತ್ತು. ಎರಡು ತಿಂಗಳ ಬಾಡಿಗೆ ಬಾಕಿಯಿತ್ತು.
ಅದರ ಹಿಂದೆಯೇ ಹೊಸ ಬೋರ್ಡು, ಹೊಸ ಮೆಮೊರಿ,
ಕುದುರೆ ಕೊಂಡ ತಪ್ಪಿಗೆ ಲಾಯವನ್ನೂ ಕಟ್ಟಿಸುವ ವ್ಯಾಪಾರ.
ನಾಲಿಗೆಯ ತುದಿಗೆ ಬಂದದ್ದನ್ನು ಚಹಾದೊಂದಿಗೆ ನುಂಗಿದೆ.

ಹದಿನಾರು ಜನ ಡ್ರೈವರುಗಳಿದ್ದಾರಮ್ಮಾ, ಆದರೆ
ನಿಮ್ಮ ಆಟಕ್ಕಿರುವುದು ಹೆಚ್ಚುಕಡಿಮೆ ಒಂದೇ ಹ್ಯಾಂಡಲು.
ಒಬ್ಬ ಹಿಡಿದರೆ ಹದಿನೈದು ಜನ ಕಿಟಕಿಯಾಚೆ ನೋಡುತ್ತಾರೆ.
ನಕ್ಕಳು. "ನಮ್ಮ ಡಿಪೋ ಕೂಡ ಹಾಗೇ ಇತ್ತು."

ಕೆಳಗಿನ ಸಾಲಿನಿಂದ ಒಂದನ್ನು ತೆಗೆದೆ.
ಎಂಟು ಕೋರು. ನಿಮ್ಮ ಹಳೆಯ ಬೋರ್ಡಿಗೇ ಕೂರುವ ಕೊನೆಯ ತಳಿ,
ನೆತ್ತಿಯ ಮೇಲೆ ಕ್ಯಾಶ್ ಮೆಮೊರಿಯ ಅಟ್ಟ ಕಟ್ಟಿಸಿಕೊಂಡದ್ದು.
ಕ್ಯಾಶ್ ಅಂದರೆ ಕಂಡಕ್ಟರನ ಜೇಬಿನ ಚಿಲ್ಲರೆ;
ಜೇಬು ದೊಡ್ಡದಿದ್ದರೆ ಒಂದೊಂದು ಕಾಸಿಗೂ
ಡಿಪೋಗೆ ಓಡಬೇಕಾಗಿಲ್ಲ.

"ಅಷ್ಟು ಒಳ್ಳೆಯದು ಕೆಳಗೇಕಿದೆ?"

ಒಂದು ಪಿನ್ನು ಬಾಗಿತ್ತು. ಹೇಳದೆಯೂ ಇರಬಹುದಿತ್ತು.

ಸೀಸ ತೆಗೆದ ಪೆನ್ಸಿಲಿನ ಟೊಳ್ಳು ಮೂತಿಯನ್ನು
ಆ ಪಿನ್ನಿಗೆ ತೊಡಿಸಿ, ಉಸಿರು ಕಟ್ಟಿ, ಕೂದಲೆಳೆಯಷ್ಟು ಎತ್ತಿದೆ.
ಮುರಿದರೆ ನನ್ನದು, ನಿಂತರೆ ನಿಮ್ಮದು.
ಅವಳು ಕನ್ನಡಕ ಹಾಕಿಕೊಂಡು
ಸಾವಿರಕ್ಕೂ ಮಿಕ್ಕ ಆ ಚಿನ್ನದ ಕಾಲುಗಳನ್ನು
ಹಳಿ ತಪಾಸಣೆಗೆ ಬಂದವಳ ಹಾಗೆ ಸಾಲುಸಾಲಾಗಿ ನೋಡಿದಳು.
"ಏಳನೇ ಸಾಲು. ಇನ್ನೂ ಚೂರು ಎಡಕ್ಕೆ."

ಹೌದು. ಚೂರು ಎಡಕ್ಕೇ ಬೇಕಿತ್ತು.

ಬಟಾಣಿಯಷ್ಟು ಪೇಸ್ಟು. ಫ್ಯಾನು ಬಿಗಿದೆ. ಪರದೆ ಬೆಳಗಿತು.
ಹೊರಗೆ ಮಿನಿಬಸ್ಸುಗಳು ಹಾರ್ನು ಹೊಡೆದು ಜಗಳವಾಡುತ್ತಿದ್ದವು;
ಒಳಗೆ ಅರವತ್ತು ಸಾವಿರ ಜನ ಎದ್ದರು, ಬೀಗ ಹಾಕಿದರು, ಹೊರಟರು,
ಒಬ್ಬನೂ ತಡವರಿಸಲಿಲ್ಲ.
ಹನ್ನೆರಡನೇ ನಂಬರು ಮ್ಟ್ಕ್ವಾರಿ ನದಿಯ ಸೇತುವೆ ದಾಟಿ
ಇಳಿಜಾರಿನಲ್ಲಿ ನೀರಿನ ಹಾಗೆ ಜಾರಿತು.

ಮೇಜಿನ ಕೆಳಗೆ ಅವಳ ಬಲಗಾಲು ನೆಲವನ್ನು ಒತ್ತಿತು.
ಇನ್ನೊಮ್ಮೆ ಒತ್ತಿತು.
"ಆ ಇಳಿಜಾರನ್ನು ಇಷ್ಟು ಜೋರಾಗಿ ನಾನು ಯಾವತ್ತೂ ಇಳಿದವಳಲ್ಲ, ಬಿಚೋ.
ಕೆಳಗೆ ಶಾಲೆಯಿತ್ತು."

ವೇಗಕ್ಕೆ ಮಿತಿ ಹಾಕುವ ಜಾಗ ತೋರಿಸಿಕೊಟ್ಟೆ.
ಅಷ್ಟು ಚೌಕಾಸಿ ಮಾಡಿ ಕೊಂಡ ಓಟವನ್ನು
ಒಂದೊಂದೇ ಹಲ್ಲು ಇಳಿಸುತ್ತ ಹೋದಳು,
ತೆರೆಯ ಮೇಲಿನ ನಿಲ್ದಾಣದಲ್ಲಿ
ಚೀಲ ಹಿಡಿದವನೊಬ್ಬ ಆತುರವಿಲ್ಲದೆ ಹತ್ತುವವರೆಗೆ.

ಆಮೇಲೆ ಐದೈದರ ನೋಟುಗಳನ್ನು ಮೇಜಿನ ಮೇಲೆ ಎಣಿಸಿಟ್ಟಳು.
ಹತ್ತು ಕಡಿಮೆಯಿತ್ತು.
ಪಿನ್ನು ನೋಡಿಕೊಟ್ಟದ್ದರ ಕೂಲಿ, ಅಂದಳು.